ಎಲ್ಲರೂ ನೋಡಿದ ಮುಖ

2025ರ ಜುಲೈ 14, ಸೋಮವಾರ ಬೆಳಿಗ್ಗೆ 10.40ಕ್ಕೆ ಬಾಲ್ಯವಿವಾಹ ತಡೆಯುವ ಕೈದೀವಟಿಗೆ ಟ್ರಸ್ಟಿನ ಕಾರ್ಯದರ್ಶಿ ಶಿವಮಲ್ಲಪ್ಪ ಕೊಳ್ಳೇಗಾಲದ ಠಾಣೆಗೆ ಬಂದರು. ಟೈಪ್ ಮಾಡಿಸಿದ ಮೂರು ಪುಟದ ದೂರನ್ನೂ ಒಂದು ಪೆನ್‌ಡ್ರೈವನ್ನೂ ಇನ್‌ಸ್ಪೆಕ್ಟರ್ ಶಾಂತರಾಜು ಅವರ ಮೇಜಿನ ಮೇಲಿಟ್ಟರು.

"ನಮ್ಮ ಟ್ರಸ್ಟಿನ ಪೇಜ್ ಹೋಯ್ತು ಸಾರ್. ಹನ್ನೊಂದು ವರ್ಷದ ಕೆಲಸ. ಎಂಬತ್ನಾಲ್ಕು ಸಾವಿರ ಜನ ಫಾಲೋ ಮಾಡ್ತಿದ್ರು."

"ಹೋಯ್ತು ಅಂದರೆ?"

"ಯಾರೋ ಪಾಸ್‌ವರ್ಡ್ ಬದಲಾಯಿಸಿ, ಓಟಿಪಿ ಬರೋ ನಂಬರನ್ನೂ ತೆಗೆದು ಅಳಿಸಿದ್ದಾರೆ. ಶನಿವಾರ 11.52ಕ್ಕೆ ನಮ್ಮ ಮೇಲ್‌ಗೆ ಸೂಚನೆ ಬಂದಿದೆ. ಮೂವತ್ತು ದಿನದ ಒಳಗೆ ಪಾಸ್‌ವರ್ಡ್ ಸಿಕ್ಕಿದ್ರೆ ಎಲ್ಲಾ ವಾಪಸ್ ಬರುತ್ತೆ. ಆಮೇಲೆ ಬರಲ್ಲ."

"ಯಾರ ಮೇಲಾದರೂ ಅನುಮಾನ?"

"ಯಳಂದೂರಿನಲ್ಲಿ ಸೋಮಮ್ಮ ಅಂತ ಒಬ್ರಿದ್ದಾರೆ. ಅವರೂ ಸಂಸ್ಥೆ ನಡೆಸ್ತಾರೆ. ನಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿ ಎಫ್‌ಐಆರ್ ದಾಖಲಾಯಿತು. ಪೆನ್‌ಡ್ರೈವ್‌ನಲ್ಲಿ ಪೇಜಿನ ಹಳೆಯ ವಿಡಿಯೋಗಳ ನಕಲಿತ್ತು. ಎಲ್ಲವನ್ನೂ ನೋಡಿ ಪಟ್ಟಿ ಮಾಡುವ ಕೆಲಸ ಮಹಿಳಾ ಕಾನ್‌ಸ್ಟೆಬಲ್ ಪ್ರೇಮಾ ಅವರಿಗೆ ಬಿತ್ತು.

ಮಧ್ಯಾಹ್ನ 2.15ಕ್ಕೆ ಶಾಂತರಾಜು ಯಳಂದೂರಿಗೆ ಹೋದರು. ಸೋಮಮ್ಮನಿಗೆ ಅರವತ್ತು ದಾಟಿತ್ತು. ಬೆಟ್ಟದ ಹಾಡಿಗಳ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಎರಡು ಕೋಣೆಯ ಸಂಸ್ಥೆ. ಶನಿವಾರ ಇಡೀ ದಿನ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿದ್ದರು. ನಲವತ್ತು ಜನ ಅದನ್ನು ಹೇಳಬಲ್ಲವರಾಗಿದ್ದರು.

"ನಮ್ದೂ ಒಂದು ಪೇಜ್ ಅದೆ ಸಾ. ಮುನ್ನೂರು ಜನ ನೋಡ್ತಾರೆ. ಹೊಲಿದ ಬಟ್ಟೆ ಹಾಕ್ತೀನಿ, ಹೊಲಿದ ಕೈ ಹಾಕ್ತೀನಿ. ಮಕ್ಕಳ ಮುಖ ಹಾಕಲ್ಲ. ಅದಕ್ಕೇ ಯಾರೂ ನೋಡಲ್ಲ." ಅವರು ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ಒಮ್ಮೆ ತಿರುಗಿಸಿದರು. "ಅಳಿಸ್ದೋರು ಸಿಕ್ಕುದ್ರೆ ನಂಗೂ ತಿಳಿಸಿ. ಕೈ ಮುಗೀಬೇಕು."

ಮಂಗಳವಾರ ಬೆಳಿಗ್ಗೆ ಟ್ರಸ್ಟಿನ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಗೋಡೆಗೆ ಪ್ರಶಸ್ತಿ ಫಲಕಗಳು, ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುಂಡನೆಯ ದೀಪ. ಪೇಜ್ ನೋಡಿಕೊಳ್ಳುತ್ತಿದ್ದವನು ಚನ್ನಬಸವ, ಇಪ್ಪತ್ತೊಂಬತ್ತು ವರ್ಷ.

"ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?"

"ನನಗೊಬ್ಬನಿಗೇ ಸಾರ್."

"ಮರೆತರೆ?"

"ನನ್ನ ಫೋನಿಗೇ ಓಟಿಪಿ ಬರ್ತಿತ್ತು."

"ಶನಿವಾರ 11.52ಕ್ಕೆ ನಿಮ್ಮ ಫೋನ್ ಎಲ್ಲಿತ್ತು?"

"ಜೇಬಲ್ಲೇ."

ಫೋನಿನ ಸಂದೇಶಗಳಲ್ಲಿ ಓಟಿಪಿ ಇರಲಿಲ್ಲ. ಅಳಿಸಿದವುಗಳ ಪೆಟ್ಟಿಗೆಯಲ್ಲಿತ್ತು: ಶನಿವಾರ, 11.51. ಅದನ್ನು ಕಂಡಮೇಲೆ ಚನ್ನಬಸವನಿಗೆ ನೆನಪಾಯಿತು. ಯಳಂದೂರಿನ ಕಾರ್ಯಕ್ರಮವೊಂದರ ಸರ್ಟಿಫಿಕೇಟ್‌ಗಳನ್ನು ಪ್ರಿಂಟ್ ಹಾಕಿಸಲು ಬಸ್‌ಸ್ಟ್ಯಾಂಡ್ ಎದುರಿನ ದೇವರಾಜು ಅವರ ಆನ್‌ಲೈನ್ ಸೆಂಟರಿಗೆ ಹೋಗಿದ್ದ. ಬ್ಯಾಟರಿ ಮುಗಿಯುತ್ತ ಬಂದಿತ್ತು. ಫೈಲ್ ತೆಗೆದುಕೊಳ್ಳಲಿ ಎಂದು ಲಾಕ್ ತೆರೆದು, ಚಾರ್ಜಿಗೆ ಹಾಕಲು ಹೇಳಿ, ಟೀ ಕುಡಿಯಲು ಹೋಗಿದ್ದ.

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

ದೇವರಾಜುವಿನ ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಸಾಲು ಫುಟ್‌ಪಾತಿನವರೆಗೆ ಬಂದಿತ್ತು. ಒಳಗೆ ಒಂದೇ ಕ್ಯಾಮೆರಾ. 11.44ಕ್ಕೆ ಚನ್ನಬಸವ ಹೊರಗೆ ಹೋಗುತ್ತಾನೆ. 11.49ರಿಂದ 12.01ರವರೆಗೆ ಕೆಲಸದ ಹುಡುಗಿ ಸರ್ಟಿಫಿಕೇಟ್‌ಗಳ ಪ್ರಿಂಟ್ ಹಾಕಿ, ಕಂಪ್ಯೂಟರಿನ ಮುಂದೆ ಕುಳಿತು, ನಡುನಡುವೆ ಆ ಫೋನನ್ನು ನೋಡುತ್ತಾಳೆ. ಆಮೇಲೆ ಮುಂದಿನ ಗಿರಾಕಿಯ ಆಧಾರ್ ಕಾರ್ಡ್ ಕೇಳುತ್ತಾಳೆ.

"ಭವ್ಯ ಅಂತ ಸಾ," ಎಂದರು ದೇವರಾಜು. "ರಾಮಾಪುರದ ಕಡೆಯೋಳು. ಇಪ್ಪತ್ತೆರಡು ವರ್ಷ. ಇವತ್ತು ರಜ ಕೇಳಿ ಊರಿಗೋಗವ್ಳೆ. ಮೂರು ವರ್ಷದಲ್ಲಿ ಒಂದು ತಪ್ಪು ಅರ್ಜಿ ಹಾಕ್ದೋಳಲ್ಲ."

ಮಹಜರು ಬರೆದು ಹಾರ್ಡ್‌ಡಿಸ್ಕ್ ಜಪ್ತಿ ಮಾಡಿದರು. ಠಾಣೆಗೆ ಮರಳಿದಾಗ ಪ್ರೇಮಾ ಬಾಗಿಲಲ್ಲೇ ಕಾಯುತ್ತಿದ್ದರು.

"ಸಾರ್, ಇದೊಂದನ್ನ ನೋಡಿ. ಒಬ್ಬರೇ ನೋಡಿ."

ಒಂದು ನಿಮಿಷ ನಲವತ್ತು ಸೆಕೆಂಡಿನ ವಿಡಿಯೋ. ಚಪ್ಪರದ ಕೆಳಗೆ ಹದಿನೈದರ ಬಾಲಕಿ, ಕೆನ್ನೆಯ ಮೇಲೆ ಒಣಗಿದ ಅರಿಶಿನ. ಟ್ರಸ್ಟಿನವರು ಅವಳನ್ನು ಹಸೆಯಿಂದ ಎಬ್ಬಿಸುತ್ತಿದ್ದಾರೆ. ಅಪ್ಪನನ್ನು ಹಿಡಿಯಬೇಡಿ ಎಂದು ಅವಳು ಅಂಗಲಾಚುತ್ತಾಳೆ. ಕ್ಯಾಮೆರಾ ಹತ್ತಿರ ಬರುತ್ತದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಒಂದು ಕೈ ಬಂದು ಸೆರಗನ್ನು ಸರಿಸುತ್ತದೆ. ಕೆಳಗೆ ಅವಳ ಹೆಸರು, ಊರು, ತಾಲ್ಲೂಕು. ಹಿಂದೆ ವಯೊಲಿನ್. ಕೊನೆಗೆ ದೇಣಿಗೆ ಕೊಡಲು ಒತ್ತುವ ಗುರುತು.

ಶಾಂತರಾಜು ಚನ್ನಬಸವನನ್ನು ಠಾಣೆಗೆ ಕರೆಸಿದರು.

"ಅದೇ ನಮ್ಮ ಟಾಪ್ ವಿಡಿಯೋ ಸಾರ್. ಎರಡು ಲಕ್ಷ ಅರವತ್ತು ಸಾವಿರ ಜನ ನೋಡಿದ್ದಾರೆ. ಅದರಿಂದಲೇ ಪ್ರಶಸ್ತಿ ಬಂತು."

"ಸೆರಗು ಸರಿಸಿದ ಕೈ ಯಾರದು?"

"ನಂದೇ ಸಾರ್. ಮುಖ ಕಾಣ್ತಿರಲಿಲ್ಲ."

"ಮಗುವಿನ ಮುಖ ಮಸುಕು ಮಾಡಬೇಕು ಅಂತ ಗೊತ್ತಿಲ್ಲವಾ?"

"ಬ್ಲರ್ ಮಾಡಿದ್ರೆ ರೀಚ್ ಬರಲ್ಲ ಸಾರ್."

ಶಾಂತರಾಜು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಠಾಣೆಯೊಳಗೆ ಯಾರ ಮೇಲೂ ಕೈ ಮಾಡಿದವರಲ್ಲ. ಅವತ್ತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ಉತ್ತರವನ್ನು ಅಕ್ಷರ ಬಿಡದೆ ಬರೆಸಿದರು.

ಬಾಲಕಿಯ ಊರೂ ಭವ್ಯಳ ಊರೂ ಒಂದೇ ಆಗಿತ್ತು. ಮನೆಯೂ ಒಂದೇ.

ಬುಧವಾರ 11 ಗಂಟೆಗೆ ಹನೂರು ದಾಟಿ ಹೋದ ಜೀಪು ರಾಮಾಪುರದ ಆಚೆ ಕಾಡಂಚಿನ ಊರಿನಲ್ಲಿ ನಿಂತಿತು. ತಾಯಿ ಪುಟ್ಟಮಲ್ಲಮ್ಮ ಹೊಸಿಲಿಗೆ ಅಡ್ಡ ನಿಂತಿದ್ದಳು. ಪ್ರೇಮಾ ಮಫ್ತಿಯಲ್ಲಿದ್ದರೂ ಪೊಲೀಸರೆಂದು ಅವಳು ಗುರುತಿಸಿದಳು.

"ಇನ್ನೂ ಏನ್ ತಗೀಬೇಕಿತ್ತು? ಮದ್ವೆ ನಿಲ್ಲುಸುದ್ರಿ, ತಪ್ಪು ನಮ್ದೇ, ಒಪ್ಕಂಡ್ವಿ. ಬರ್ಕೊಟ್ವಿ. ಅಲ್ಲಿಗ್ ಬುಡ್ಬೇಕಲ್ವಾ?"

"ಚಿಕ್ಕ ಮಗಳು ಸ್ಕೂಲಿಗೆ ಹೋಗ್ತಿದಾಳಾ ತಾಯಿ?"

"ಯಾವ್ ಸ್ಕೂಲು? ಬಸ್ಸಲ್ಲಿ ಐಕ್ಳು ಫೋನಲ್ಲಿ ಇವ್ಳ ಅಳು ಆಕ್ತವೆ, ಇವ್ಳ ಮುಂದೇನೇ. ಒಂಬತ್ತ್ನೇ ಕ್ಲಾಸು ಅರ್ಧಕ್ಕೇ ನಿಂತೋಯ್ತು. ಈಗ ಮನೆ ಬುಟ್ಟು ಈಚ್ಗೇ ಬರಕ್ಕಿಲ್ಲ." ಅವಳ ದನಿ ಏರಲಿಲ್ಲ, ಹಲ್ಲು ಕಚ್ಚಿ ಆಡಿದ ಮಾತು. "ಓದ್ಲಿ ಅಂತ ಮದ್ವೆ ನಿಲ್ಲುಸುದ್ರಂತೆ."

ಒಳಗೋಣೆಯ ಬಾಗಿಲು ಮುಚ್ಚಿತ್ತು. ಅದನ್ನು ತೆರೆಸಲು ಶಾಂತರಾಜು ಹೇಳಲಿಲ್ಲ. ಅಷ್ಟರಲ್ಲಿ ಭವ್ಯ ಹಿತ್ತಿಲಿನಿಂದ ಬಂದಳು. ಪೊಲೀಸರನ್ನು ಕಂಡು ಬೆಚ್ಚಲಿಲ್ಲ. ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ, "ನಡೀರಿ ಸಾ," ಎಂದಳು.

ಠಾಣೆಯಲ್ಲಿ ಮಧ್ಯಾಹ್ನ 2.30ಕ್ಕೆ ಪ್ರೇಮಾ ಅವರ ಎದುರಿನಲ್ಲಿ ವಿಚಾರಣೆ ಶುರುವಾಯಿತು.

"ಪೇಜ್ ಅಳಿಸಿದ್ದು ನೀನಾ?"

"ಊ ಸಾ."

"ಯಾರಾದರೂ ಹೇಳಿಕೊಟ್ಟರಾ?"

"ದಿನಕ್ಕೆ ನೂರು ಜನರ ಓಟಿಪಿ ನಾನೇ ಆಕೋದು. ಯೋಳ್ಕೊಡಕ್ಕೆ ಯಾರ್ ಬೇಕು?"

"ಆ ಒಂದು ವಿಡಿಯೋ ತೆಗೆಯಿರಿ ಅಂತ ಅವರನ್ನೇ ಕೇಳಬಹುದಿತ್ತಲ್ಲ?"

"ನಾಕ್ ಸಲ ಓಗಿದ್ದೆ. ಮೊದ್ಲು ನಾಳೆ ಅಂದ್ರು. ಆಮೇಲೆ ಮೀಟಿಂಗಲ್ಲಿ ಕೇಳ್ತೀವಿ ಅಂದ್ರು. ಮೂರ್ನೇ ಸಲ ಕಾರ್ಯದರ್ಶಿ ಸಿಕ್ನಿಲ್ಲ. ನಾಕ್ನೇ ಸಲ ಚನ್ನಬಸವ, ತಗೀತೀವಿ ಕಣಮ್ಮ, ಅದರ ಬದ್ಲು ನಿನ್ ತಂಗೀನ ಕರ್ಕಬಾ, ಯೂನಿಫಾರಂ ಆಕ್ಸಿ, ಈಗ ನಗ್ತಾವ್ಳೆ ಅಂತ ಇನ್ನೊಂದು ವಿಡಿಯೋ ಮಾಡ್ಕತೀವಿ ಅಂದ." ಅವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. "ಸ್ಕೂಲ್ ಬಿಡ್ಸಿದ್ದೂ ಅವ್ರೇ, ಯೂನಿಫಾರಂ ಆಕ್ಸು ಅನ್ನೋರೂ ಅವ್ರೇ."

ಪ್ರೇಮಾ ಬರೆಯುವುದನ್ನು ನಿಲ್ಲಿಸಿದರು.

ಶಾಂತರಾಜು ಕಾಯ್ದೆಯ ಪುಸ್ತಕವನ್ನು ಬೆಳಿಗ್ಗೆಯೇ ತೆರೆದು ನೋಡಿದ್ದರು. ಪೇಜ್ ಅಳಿಸಿದ್ದಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಪೊಲೀಸರೇ ನೇರವಾಗಿ ಬಂಧಿಸಬಹುದು. ರಕ್ಷಣೆ ಬೇಕಾದ ಮಗುವಿನ ಮುಖ, ಹೆಸರು, ಊರನ್ನು ಬಯಲು ಮಾಡಿದ್ದಕ್ಕೆ ಬಾಲನ್ಯಾಯ ಕಾಯ್ದೆಯ ಕಲಂ 74ರ ಅಡಿ ಆರು ತಿಂಗಳು ಇಲ್ಲವೇ ದಂಡ. ತನಿಖೆ ಶುರುಮಾಡುವುದಕ್ಕೂ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆ ಎರಡು ಪುಟಗಳನ್ನು ಅವರು ಎರಡು ಸಲ ಓದಿ, ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ್ದರು. ಆಮೇಲೆ ಅನುಮತಿಗೆ ಪತ್ರ ಬರೆದು ನ್ಯಾಯಾಲಯಕ್ಕೆ ಕಳುಹಿಸಿದ್ದರು. ಪೇಜ್ ಮರಳಿ ಬಂದರೂ ಆ ವಿಡಿಯೋ ಬರಕೂಡದೆಂದು ಮಕ್ಕಳ ಕಲ್ಯಾಣ ಸಮಿತಿಗೆ ಇನ್ನೊಂದು ಪತ್ರ. ಎರಡರಲ್ಲೂ ಬಾಲಕಿಯ ಹೆಸರಿರಲಿಲ್ಲ.

"ನೋಡು ಭವ್ಯ, ನಿನ್ನನ್ನು ಬಂಧಿಸಲೇಬೇಕು ಅಂತೇನಿಲ್ಲ. ನೋಟಿಸ್ ಕೊಟ್ಟು ಕಳಿಸಬಹುದು. ಮತ್ತೆ ಇಂಥದ್ದು ಮಾಡಲ್ಲ ಅಂತ ಒಂದು ಮಾತು ಹೇಳು."

"ಅವ್ರು ಮತ್ತೆ ಆಕುದ್ರೆ?"

"ಅದನ್ನ ನಾವು ನೋಡ್ಕೋತೀವಿ."

"ಮತ್ತೆ ಆಕುದ್ರೆ ಮತ್ತೆ ಅಳಿಸ್ತೀನಿ ಸಾ."

"ಆ ಮಾತು ಬರೆದರೆ ನಾನು ನಿನ್ನನ್ನು ಬಂಧಿಸಬೇಕಾಗುತ್ತೆ."

"ಬರ್ಕಳಿ."

ಬರೆದುಕೊಂಡರು. ಸಂಜೆ 4.10ಕ್ಕೆ ಪ್ರೇಮಾ ಬಂಧನದ ಪತ್ರಕ್ಕೆ ಸಹಿ ತೆಗೆದುಕೊಂಡರು. ಜಾಮೀನು ಸಿಗುವ ಅಪರಾಧವಾದ್ದರಿಂದ ದೇವರಾಜು ಅಂಗಡಿಗೆ ಬೀಗ ಹಾಕಿ ಜಾಮೀನು ನಿಲ್ಲಲು ಬಂದರು. ಶಿವಮಲ್ಲಪ್ಪನೂ ಬಂದರು, ಭವ್ಯ ಬದಲಾಯಿಸಿದ ಪಾಸ್‌ವರ್ಡ್ ಕೇಳಲು.

"ಸಮಿತಿಯ ಆದೇಶ ಬರಲಿ," ಎಂದರು ಶಾಂತರಾಜು. "ಅಲ್ಲಿಯವರೆಗೆ ಅದು ತನಿಖೆಯ ವಸ್ತು."

"ನಾವು ದೂರು ಕೊಟ್ಟವರು ಸಾರ್. ಆ ಹುಡುಗಿಯ ಜೀವನ ಉಳಿಸಿದ್ದು ನಾವು. ನಮ್ಮನ್ನೇ..."

"ನಿಮ್ಮ ಪೆನ್‌ಡ್ರೈವೇ ನಿಮ್ಮ ಮೇಲಿನ ಸಾಕ್ಷಿ. ಶುಕ್ರವಾರ ಚನ್ನಬಸವನ ಜೊತೆ ಬನ್ನಿ. ವಕೀಲರನ್ನೂ ಕರೆದುಕೊಂಡು ಬನ್ನಿ."

ಅವರು ಹೋದ ಮೇಲೆ ಶಾಂತರಾಜು ಭವ್ಯಳ ಎದುರು ಕುಳಿತರು. ಒಂದು ಪ್ರಶ್ನೆ ಅವರಲ್ಲಿ ಉಳಿದಿತ್ತು. ಟ್ರಸ್ಟಿನ ದಾಖಲೆಯ ಪ್ರಕಾರ ಮದುವೆಯ ಸುದ್ದಿ ಕೊಟ್ಟವರು "ಗೋಪ್ಯ ಮಾಹಿತಿದಾರರು".

"ಮದುವೆ ನಡೀತಿದೆ ಅಂತ ಅವರಿಗೆ ಯಾರು ತಿಳಿಸಿದ್ದು, ಗೊತ್ತಾ?"

ಭವ್ಯ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ನಾನೇ ಸಾ. ಅವ್ರ ಪೇಜಲ್ಲೇ ನಂಬರ್ ಇತ್ತು. ನಿನ್ ಎಸ್ರು ಈಚ್ಗೆ ಬರಕ್ಕಿಲ್ಲ ಅಂದ್ರು. ಬರ್ನಿಲ್ಲ, ಮಾತ್ ಉಳಿಸ್ಕಂಡ್ರು. ಅವ್ವನ್ಗೆ ಗೊತ್ತಿಲ್ಲ. ತಂಗಿಗೂ ಗೊತ್ತಿಲ್ಲ. ಇದ್ನ ಬರ್ಕಬೇಡಿ."

ಶಾಂತರಾಜು ಪೆನ್ನಿನ ಮುಚ್ಚಳ ಹಾಕಿದರು. "ಬರೆಯಲ್ಲ. ಆದರೆ ನೀನು ಫೋನ್ ಮಾಡಿದ್ದು ಸರಿ. ಅದನ್ನ ತಿಳ್ಕೋ."

"ಇರ್ಬೋದು ಸಾ," ಎಂದಳು ಭವ್ಯ. "ಮೊನ್ನೆ ಅಂಗಡಿಗೆ ಒಬ್ಳು ಬಂದಿದ್ಲು. ಪಕ್ಕದ್ಮನೆ ಉಡ್ಗೀಗೆ ಹದ್ನಾಕು ವರ್ಷ, ಮದ್ವೆ ಗೊತ್ತು ಮಾಡವ್ರೆ, ಯಾರಿಗ್ ಯೋಳೋದು ಅಂತ ಕೇಳುದ್ಲು. ನಾನು ಗೊತ್ತಿಲ್ಲ ಅಂದ್ಬುಟ್ಟೆ."

ಶಾಂತರಾಜು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಯಾವ ಊರಿನವಳು ಅವಳು?" ಎಂದು ಕೇಳಿದರು.