ಎರ್ಮೆಕ್‌ನ ಅಣ್ಣನ ಪೆಡಲ್

ಬಿಷ್ಕೆಕ್‌ನ ಬಜಾರಿನಲ್ಲಿ ನಾನು ರೇಡಿಯೊ, ಗಿಟಾರ್ ಪೆಡಲ್ ರಿಪೇರಿ ಮಾಡುತ್ತೇನೆ. ಕಳೆದ ಗುರುವಾರ ಮಧ್ಯಾಹ್ನ, ಮದುವೆಗಳಲ್ಲಿ ಗಿಟಾರ್ ನುಡಿಸುವ ಎರ್ಮೆಕ್ ತನ್ನ ತೀರಿಹೋದ ಅಣ್ಣನ ಪೆಡಲ್ ತಂದ. ನುಡಿಸಿದ ಸ್ವರವನ್ನು ಮೂರು ಸಲ ಮರುನುಡಿಯುವ ಡಬ್ಬಿ ಅದು.

“ಕೀಬೋರ್ಡಿನ ಅಡಾಪ್ಟರ್ ಚುಚ್ಚಿಬಿಟ್ಟೆ ತಂಗೀ. ಸತ್ತೇಹೋಯ್ತು.”

“ಪ್ಲಸ್ಸು ಮೈನಸ್ಸು ತಿರುಗಾಮುರುಗಾ. ಬಾಲದ ಕಡೆ ಮುಖ ಮಾಡಿ ಕುದುರೆ ಹತ್ತಿದೀಯಣ್ಣ,” ಎಂದೆ ತಲೆಯೆತ್ತದೆ.

“ಬೈಕೋ, ಆದ್ರೆ ಬದುಕಿಸ್ಕೊಡು. ಅವನದು ಅಂತ ಉಳಿದಿರೋದು ಇದೊಂದೇ.”

ಮುಚ್ಚಳ ಬಿಚ್ಚಿದೆ. ಸುಟ್ಟ ವಾಸನೆ ಬರಬೇಕಿತ್ತು. ಎಣ್ಣೆಯಲ್ಲಿ ಕರಿಯುತ್ತಿರುವ ಹಿಟ್ಟಿನ ತುಣುಕುಗಳ, ಬೋರ್ಸೊಕ್‌ನ ಘಮ ಬಂತು.

ಎರ್ಮೆಕ್ ಮೆಲ್ಲಗೆ ಹೇಳಿದ: “ಅಮ್ಮ ಈಗ ಮನೇಲಿ ಅಣ್ಣನ ಹೆಸರಲ್ಲಿ ಬೋರ್ಸೊಕ್ ಕರೀತಿದಾಳೆ. ವಾಸನೆ ಸತ್ತೋರಿಗೆ ಮುಟ್ಟುತ್ತಲ್ಲ.”

ಸುಟ್ಟ ಡಯೋಡ್ ಕಿತ್ತು ಹೊಸದನ್ನು ಬೆಸೆದೆ. ಆಗಷ್ಟೇ ಬೆಸೆದಿದ್ದರೂ ಡಬ್ಬಿ ಮಂಜಿನಂತೆ ತಣ್ಣಗಿತ್ತು. ಎರ್ಮೆಕ್ ಆತುರಕ್ಕೆ ಗಿಟಾರ್ ಸಿಕ್ಕಿಸಿ ತಂತಿ ಮೀಟಿದ. ಸ್ಪೀಕರಿನಲ್ಲಿ ಸ್ವರ ಮೂರು ಸಲ ಮರಳಿತು. ನಾಲ್ಕನೆಯದಾಗಿ, ಯಾರೋ ತೃಪ್ತಿಯಿಂದ ಬಾಯಿ ಚಪ್ಪರಿಸಿದ ಸದ್ದು.

ಎರ್ಮೆಕ್ ನಕ್ಕು ಕಣ್ಣೊರೆಸಿಕೊಂಡ. ನನಗೂ ಖುಷಿಯಾಯಿತು.

ಆಮೇಲೆ ನೋಡಿದರೆ, ಪೆಡಲಿಗೆ ಹಾಕಲೆಂದು ತೆಗೆದಿಟ್ಟಿದ್ದ ಸರಿಯಾದ ಅಡಾಪ್ಟರ್ ನನ್ನ ಮಡಿಲಲ್ಲೇ ಇತ್ತು. ಪೆಡಲಿಗೆ ನಾನಿನ್ನೂ ಕರೆಂಟು ಕೊಟ್ಟಿರಲಿಲ್ಲ.