ನಲವತ್ತೊಂದು ಸಲ

"ನಲವತ್ತೊಂದು," ಎಂದಳು ಅವಳು, ಮೇಜು ಖಾಲಿ ಮಾಡುತ್ತಾ. "ಎರಡು ವರ್ಷಕ್ಕೆ! ತಿಂಗಳಿಗೆ ಎರಡು ಸಲಾನೂ ಬೀಳಲ್ಲ ಕಣ್ರೀ ಮುನಿಗಳೇ."

ಬಾಟಲಿ ಎಣಿಸುವ ಯಂತ್ರ ತಯಾರಿಸುವ ಆ ಸಣ್ಣ ಕಂಪನಿಯಲ್ಲಿ ಅವನು ಪ್ರೋಗ್ರಾಮ್ ಬರೆಯುವವನು, ಅವಳು ಅದರಲ್ಲಿ ತಪ್ಪು ಹುಡುಕುವವಳು. ಮಾತು ಕಡಿಮೆಯೆಂದು ಆಫೀಸು ಅವನನ್ನು ಮುನಿಗಳೆಂದು ಕರೆಯುತ್ತಿತ್ತು. ಅವಳಿಗೆ ಇಂದು ಕೊನೆಯ ದಿನ. ಮುಂದಿನ ವಾರ ಮದುವೆ.

"ಏನು ನಲವತ್ತೊಂದು?"

ಅವಳು ಮೂಲೆಯಲ್ಲಿ ಎಂದೂ ಆಫ್ ಮಾಡದೆ ಇಟ್ಟಿದ್ದ ಟೆಸ್ಟ್ ಬೋರ್ಡ್ ತೋರಿಸಿದಳು. ಅದರ ಬಟನ್ ಒತ್ತಿದರೆ ಒಂದು ಪಲ್ಸ್, ಒಂದು ಬಾಟಲಿ ದಾಟಿಹೋದಂತೆ. ಚಿಪ್ಪಿನೊಳಗಿನ ಟೈಮರ್ ಒಂದು ಎಣಿಸುತ್ತದೆ. ಪ್ರೋಗ್ರಾಮು ಬೇರೆ ಯಾವ ಕೆಲಸದಲ್ಲಿ ಮುಳುಗಿದ್ದರೂ ಟೈಮರ್ ತನ್ನಷ್ಟಕ್ಕೆ ಎಣಿಸುತ್ತಲೇ ಇರುತ್ತದೆ.

"ನೀವು ನನ್ನ ಮೇಜಿನ ಹತ್ರ ಬಂದು, ಏನೋ ಹೇಳೋಕೆ ಬಾಯಿ ತೆರೆದು, ಕಿವಿ ಕೆಂಪಗೆ ಮಾಡ್ಕೊಂಡು, 'ಟೀ ಆಯ್ತಾ?' ಅಂತ ಕೇಳಿ ಹೋಗ್ತಿದ್ರಲ್ಲ? ಆಗೆಲ್ಲ ಒಂದೊಂದು ಸಲ ಒತ್ತಿದೀನಿ. ಎರಡು ತಿಂಗಳ ಹಿಂದೆ ಅಮ್ಮ ಈ ಸಂಬಂಧಕ್ಕೆ ಹೂಂ ಅಂತೀಯೋ ಉಹೂಂ ಅಂತೀಯೋ ಅಂತ ಪಟ್ಟು ಹಿಡಿದು ಕೂತ್ರು. ಕಂಪ್ಯೂಟರಿಗೆ ಜೋಡಿಸಿ ಓದಿದೆ. ಜಾಸ್ತಿ ಇರತ್ತೆ ಅಂದ್ಕೊಂಡಿದ್ದೆ. ನಲವತ್ತೊಂದಕ್ಕೆ ಅಮ್ಮನ ಜೊತೆ ಎಷ್ಟೂಂತ ಜಗಳ ಆಡ್ಲಿ? ಹೂಂ ಅಂದ್ಬಿಟ್ಟೆ. ಆಮೇಲೆ ಬಟನ್ ಮುಟ್ಟಿಲ್ಲ."

ಅವನು ಕೇಬಲ್ ಜೋಡಿಸಿ ನೋಡಿದ. ಕಿವಿಯ ಕೆಂಪು ಇಳಿದುಹೋಯಿತು.

"ಇದು ಇನ್ನೂರೈವತ್ತೈದರ ತನಕ ಮಾತ್ರ ಎಣಿಸತ್ತೆ. ಆಮೇಲೆ ಮತ್ತೆ ಸೊನ್ನೆ. ಸುತ್ತು ಮುಗೀತು ಅಂತ ಚಿಪ್ಪು ಗುರುತು ಹಾಕಿದೆ. ಪ್ರೋಗ್ರಾಮಲ್ಲಿ ಆ ಗುರುತು ಓದೋದನ್ನ ನಾನೇ ಬರೆದಿಲ್ಲ."

ಲೋಟವನ್ನು ಕಾಗದದಲ್ಲಿ ಸುತ್ತುತ್ತಿದ್ದ ಅವಳ ಕೈ ನಿಂತಿತು. "ಅಂದ್ರೆ ಎಷ್ಟು?"

"ಕಡಿಮೆ ಅಂದ್ರೆ ಇನ್ನೂರ ತೊಂಬತ್ತೇಳು. ಎರಡು ಸುತ್ತು ಆಗಿದ್ರೆ ಇನ್ನೂ ಜಾಸ್ತಿ. ಅದು ಗೊತ್ತಾಗಲ್ಲ."

"ಊರವರ ಎಣಿಕೆ ಎಲ್ಲ ಎರಡೆರಡು ಸಲ ನೋಡೋಳು ನಾನು," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಈಗ ಹೇಳಿ. ಟೀ ವಿಷಯ ಬಿಟ್ಟು."

"ನೀವಿಲ್ದಿದ್ರೆ ಈ ರೂಮಿಗೆ ಬರೋಕೆ ನಂಗೆ ಕಾರಣಾನೇ ಇಲ್ಲ."

ಎರಡು ವರ್ಷ ಹಿಡಿದ ವಾಕ್ಯ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು.

"ಲಗ್ನಪತ್ರಿಕೆ ಎಲ್ಲ ಹಂಚಿ ಆಯ್ತು," ಎಂದಳು ಅವಳು, ಲೋಟವನ್ನು ಚೀಲಕ್ಕೆ ಹಾಕುತ್ತಾ. "ಮದುವೆ ಆಗೋರೂ ಒಳ್ಳೆಯವರು, ಪಾಪ. ಬೈಯೋಕೂ ಏನೂ ಸಿಗಲ್ಲ."

ಕೆಳಗೆ ಅವಳ ತಮ್ಮನ ಕಾರು ಹಾರ್ನ್ ಮಾಡಿತು.

"ತಪ್ಪು ಸರಿ ಮಾಡಿ. ಟೆಸ್ಟ್ ಮಾಡಿ, ಸಹಿ ಹಾಕಿ ಹೋಗ್ತೀನಿ."

ಸರಿಪಡಿಸಲು ಬೇಕಾದದ್ದು ಎರಡೇ ಸಾಲು, ಹತ್ತು ನಿಮಿಷ. ಅವಳು ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕುಳಿತು, ಬಟನ್ ಒತ್ತತೊಡಗಿದಳು. ಒಂದು, ಎರಡು, ಮೂರು. ತಮ್ಮನ ಫೋನು ಬಂತು. "ಐದೇ ನಿಮಿಷ ಕಣೋ," ಎಂದು ಮತ್ತೆ ಒತ್ತಿದಳು. ಬೆರಳಿನ ಬದಲು ತಾನೇ ಪಲ್ಸ್ ಕಳಿಸುವ ಪಲ್ಸ್ ಜನರೇಟರಿಗೆ ಇದು ಒಂದು ಸೆಕೆಂಡಿನ ಕೆಲಸ. ಅದು ಮೊಣಕೈ ಪಕ್ಕದಲ್ಲೇ ಇತ್ತು. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಇನ್ನೂರೈವತ್ತಾರಕ್ಕೆ ಪರದೆ ಸೊನ್ನೆಗೆ ಬೀಳಲಿಲ್ಲ. ಅವಳು ಬೆರಳನ್ನೂ ತೆಗೆಯಲಿಲ್ಲ. ಮತ್ತೊಮ್ಮೆ ಹಾರ್ನ್ ಕೇಳಿದಾಗ ಎಣಿಕೆ ಮುನ್ನೂರ ಹನ್ನೆರಡಾಗಿತ್ತು. 'ಪಾಸ್' ಎಂದು ಬರೆದು, ಸಹಿ ಹಾಕಿ, ಅವಳು ಚೀಲ ಎತ್ತಿಕೊಂಡಳು.