ವೀರ ಪ್ಸಾರಿಸ್ ಮತ್ತು ಗಂಟೆಗೋಪುರದ ವೈರು

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನೂ ಅಲ್ಲ, ಕುರಿಗಳು ಕಮ್ಮಿಯಾಗಿ ಮೊಬೈಲುಗಳು ಹೆಚ್ಚಾದ ಕಾಲದಲ್ಲಿ, ಗ್ರೀಸಿನ ಪಿಂಡೋಸ್ ಬೆಟ್ಟಗಳ ಮಡಿಲಲ್ಲಿ ಅಸ್ಪ್ರೊನೇರಿ ಅಂತ ಒಂದು ಊರಿತ್ತು. ಆ ಊರಿನ ಶಾಲೆಗೆ ಮೆಲ್ಪೊ ಅನ್ನುವ ಟೀಚರ್ ಬಂದಳು. ಕಣ್ಣು ದೊಡ್ಡದು, ಧ್ವನಿ ಅದಕ್ಕಿಂತ ದೊಡ್ಡದು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅವಳ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಆ ಊರಿಗೊಬ್ಬ ವೀರನಿದ್ದ. ಹೆಸರು ಪ್ಸಾರಿಸ್. ಇಟಲಿಯವರು ಗಡಿ ದಾಟಿ ಬಂದ ಚಳಿಗಾಲದಲ್ಲಿ, ಸೊಂಟದುದ್ದ ಹಿಮದಲ್ಲಿ, ಗಾಯಾಳುಗಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿಸಿದವನು. ತಾನು ಮಾತ್ರ ಊರಿಗೆ ತಿರುಗಿ ಬರಲಿಲ್ಲ. ಚೌಕದ ಅಮೃತಶಿಲೆಯ ಮೇಲೆ, ಯುದ್ಧದಲ್ಲಿ ಸತ್ತವರ ಹೆಸರುಗಳ ಕೊನೆಗೆ, ಬರೀ 'ಪ್ಸಾರಿಸ್' ಅಂತ ಕೆತ್ತಿತ್ತು. ಮನೆತನದ ಹೆಸರು ಯಾಕಿಲ್ಲ ಅಂತ ಯಾರೂ ಕೇಳಿರಲಿಲ್ಲ. ಅಸ್ಪ್ರೊನೇರಿಯಲ್ಲಿ ಎಲ್ಲರನ್ನೂ ಕರೆಯುವುದು ಅಡ್ಡಹೆಸರಿನಿಂದಲೇ. ಪಕ್ಕದ ಮನೆಯವನ ನಿಜವಾದ ಹೆಸರು ತಿಳಿಯುವುದು, ಅವನು ಸತ್ತ ಸುದ್ದಿಯ ಕಾಗದವನ್ನು ಲೈಟುಕಂಬಕ್ಕೆ ಅಂಟಿಸಿದ ದಿನ. "ಓಹೋ, ಇವನು ಎಪಾಮಿನೊಂಡಾಸ್ ಅಂತೆ ಕಣ್ರೀ!" ಅಂತ ಆಗ ಬಾಯಿ ಬಾಯಿ ಬಿಡುತ್ತಾರೆ.

ಪ್ಸಾರಿಸ್‌ನ ಕಡೆಯವರು ಅಂತ ಉಳಿದಿದ್ದವರು ಇಬ್ಬರೇ: ತೊಂಬತ್ತು ದಾಟಿದ ವಾಸಿಲೊ ಅಜ್ಜಿ, ಅವಳ ಮೊಮ್ಮಗ ಅರ್ಗಿರಿಸ್. ಪ್ಸಾರಿಸ್ ಅಜ್ಜಿಯ ಅಣ್ಣ ಅಂತ ಊರಿಗೆ ಊರೇ ನಂಬಿತ್ತು.

ಮೆಲ್ಪೊ ಒಂದು ಸಂಜೆ ಕಾಫಿ ಅಂಗಡಿಯಲ್ಲಿ, ಊರ ಅಧ್ಯಕ್ಷ ಝೀಸಿಸ್‌ನ ಎದುರಿಗೇ ಘೋಷಿಸಿಬಿಟ್ಟಳು:

"ಅಕ್ಟೋಬರ್ ಇಪ್ಪತ್ತೆಂಟರ ಯುದ್ಧಸ್ಮರಣೆಯ ಹಬ್ಬಕ್ಕೆ ಈ ಸಲ ನನ್ನ ಮಕ್ಕಳು ಹಳೇ ಪದ್ಯ ಒಪ್ಪಿಸಲ್ಲ. ಯುದ್ಧಕಾಲದ ಫೋಟೋ, ದಾಖಲೆ ಎಲ್ಲಾ ಈಗ ಆನ್‌ಲೈನ್‌ನಲ್ಲಿ ಸಿಗುತ್ತೆ. ಮಕ್ಕಳೇ ಹುಡುಕಿ ವೀರ ಪ್ಸಾರಿಸ್‌ನ ನಿಜವಾದ ಕಥೆ ಹೇಳ್ತಾರೆ. ಏನು ಸಿಗುತ್ತೋ ಅದನ್ನೇ ಹೇಳ್ತಾರೆ. ಇದು ನನ್ನ ಮಾತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವಾರದಿಂದಲೇ ಶಾಲೆಯ ಇಂಟರ್ನೆಟ್ ಕೈಕೊಡಲು ಶುರುವಾಯಿತು.

ಗಣಿತ ಮಾಡುವಾಗ ಇರುತ್ತಿತ್ತು. ಭೂಗೋಳಕ್ಕೂ ಇರುತ್ತಿತ್ತು. ಚರಿತ್ರೆಯ ಪೀರಿಯಡ್ಡಿನಲ್ಲಿ ಯುದ್ಧದ ಸಂಗ್ರಹ ತೆರೆದರೆ ಸಾಕು, ಪರದೆಯ ಮೇಲೆ ಬರೀ ಬಿಳಿ ಚಕ್ರ ಗಿರಗಿರ. ಊರಿನ ಆಂಟೆನಾ ಇದ್ದದ್ದು ಚರ್ಚಿನ ಗಂಟೆಗೋಪುರದ ಮೇಲೆ. ಗೋಪುರದ ಬೀಗದ ಕೈ ಇದ್ದದ್ದು ಫ್ರಿಜ್ಜು, ಟೀವಿ ರಿಪೇರಿ ಮಾಡುವ ಅರ್ಗಿರಿಸ್‌ನ ಹತ್ತಿರ. ಫೋನ್ ಮಾಡಿದರೆ ಬಂದೇ ಬಿಡುತ್ತಿದ್ದ. ಹೆಗಲ ಮೇಲೆ ಏಣಿ, ನೀರು ಹಚ್ಚಿ ಬಾಚಿದ ತಲೆ, ಮೈಯಿಂದ ಆಲಿವ್ ಸೋಪಿನ ಪರಿಮಳ.

"ಮತ್ತೆ ಹೋಯ್ತಾ ಟೀಚರ್?"

"ಮತ್ತೆ ಹೋಯ್ತು."

"ಗಾಳಿ ಜಾಸ್ತಿ."

"ಹೊರಗೆ ಒಂದು ಎಲೆ ಅಲ್ಲಾಡ್ತಿಲ್ಲವಲ್ಲ?"

"ಮೇಲ್ಗಡೆ ಗಾಳಿ ಬೇರೆ, ಟೀಚರ್," ಅನ್ನುತ್ತ ಅವನು ಕಿಟಕಿಯ ಪಕ್ಕ ವೈರುಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಅವಳು ಕಪ್ಪುಹಲಗೆಯ ಕಡೆ ತಿರುಗಿದರೆ ಬೆನ್ನಿಗೆ ಬೆಚ್ಚಗೆ ಏನೋ ತಾಗಿದಂತಾಗುತ್ತಿತ್ತು. ತಟ್ಟನೆ ತಿರುಗಿದರೆ ಅವನ ಕಣ್ಣು ವೈರಿನ ಮೇಲಿರುತ್ತಿತ್ತು, ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಮೆಲ್ಪೊ ಬಾಡಿಗೆಗಿದ್ದ ಮನೆಯ ಒಡತಿ ಫ್ರೋಸೊ ಇದಕ್ಕೆ ಅರ್ಥ ಹೇಳಿದಳು.

"ನಮ್ಮೆಜಮಾನ್ರು ನನ್ನ ನೋಡೋಕೆ ಅಂತ ನಮ್ಮಪ್ಪನ ಆಡುಗಳನ್ನ ಬಿಚ್ಚಿ ಓಡಿಸೋರು. ಆಮೇಲೆ ಅವರೇ ಹಿಡ್ಕೊಂಡು ಮನೆಗೆ ತರೋರು. ಇವನು ವೈರು ಬಿಚ್ತಾನೆ. ಕಾಲ ಬದಲಾಯ್ತು, ಗಂಡಸರು ಬದಲಾಗ್ಲಿಲ್ಲ."

ಮೆಲ್ಪೊಗೆ ಆ ದಿನ ಊಟ ರುಚಿಸಲಿಲ್ಲ. ಸುಳ್ಳು ಯಾಕೆ, ಎರಡು ಸಲ ಬಡಿಸಿಕೊಂಡಳು. ರುಚಿ ಮಾತ್ರ ತಿಳಿಯಲಿಲ್ಲ.

ಮಾರನೇ ದಿನ ಪರೀಕ್ಷೆ ಮಾಡಿಯೇಬಿಟ್ಟಳು. "ಇವತ್ತು ಹತ್ತು ಗಂಟೆಗೆ ಪ್ಸಾರಿಸ್‌ನ ಹುಡುಕ್ತೀವಿ" ಅಂತ ಅರ್ಗಿರಿಸ್‌ಗೆ ಹೇಳಿ, ಹತ್ತಕ್ಕೆ ಸರಿಯಾಗಿ ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟು, ತಾನು ಗಂಟೆಗೋಪುರ ಹತ್ತಿದಳು. ಎದೆ ಡವಡವ. ಮೆಟ್ಟಿಲು ಕಡಿದಾಗಿತ್ತು, ಅದಕ್ಕೇ ಇರಬೇಕು ಅಂದುಕೊಂಡಳು.

ಮೇಲೆ ಅರ್ಗಿರಿಸ್ ಕೈಯಲ್ಲಿ ವೈರು ಹಿಡಿದು ನಿಂತಿದ್ದ.

"ಸಿಕ್ಕಿಬಿದ್ರಿ!" ಅಂದಳು ಏದುಸಿರು ಬಿಡುತ್ತ. "ನನ್ನ ಮೇಲೆ ಮನಸ್ಸಿದ್ರೆ ಬಾಯಿಬಿಟ್ಟು ಹೇಳಬೇಕಪ್ಪ. ಮಕ್ಕಳ ಪಾಠ ಯಾಕೆ ಕೆಡಿಸ್ತೀರಿ?"

ಅರ್ಗಿರಿಸ್ ಬಾಯಿ ತೆರೆದ. ಮುಚ್ಚಿದ. "ಮನಸ್ಸಾ?"

ಗಂಟೆಯ ಹಿಂದಿನಿಂದ ಪಾರಿವಾಳವೊಂದು ಗುಟುರು ಹಾಕಿ ಹಾರಿಹೋಯಿತು. ತನಗೂ ರೆಕ್ಕೆ ಇರಬಾರದಿತ್ತೇ ಅನ್ನಿಸಿತು ಮೆಲ್ಪೊಗೆ.

"ಮತ್ತೆ... ನೀವು ವೈರು ಕಿತ್ತದ್ದು..."

"ಅದು ಬೇರೆ ವಿಷಯ." ಅವನು ಮುಖ ಸಪ್ಪಗೆ ಮಾಡಿಕೊಂಡು ಜೇಬಿನಿಂದ ಫೋನ್ ತೆಗೆದ. "ನೀವು ಕಾಫಿ ಅಂಗಡೀಲಿ ಹೇಳಿದ್ರಲ್ಲ, ಅವತ್ತೇ ನಾನೂ ಹುಡುಕಿದೆ. ಮೊದಲೇ ಹುಡುಕಿ ತಂದುಕೊಟ್ರೆ ನಿಮಗೆ ಖುಷಿಯಾಗುತ್ತೆ ಅಂತ. ನೋಡಿ, ಏನು ಸಿಕ್ತು."

ಹಳೆಯ ಫೋಟೋ. ಸುತ್ತ ಹಿಮ. ತಲೆಗೆ ಪಟ್ಟಿ ಕಟ್ಟಿಕೊಂಡ ಸೈನಿಕನೊಬ್ಬ ಕೂತಿದ್ದಾನೆ. ಅಡಿಯಲ್ಲಿ ಯಾರೋ ಬರೆದಿದ್ದರು: 'ಅಸ್ಪ್ರೊನೇರಿಯ ಪ್ಸಾರಿಸ್. ಇವತ್ತೇ ಮತ್ತೆ ಬೆಟ್ಟ ಹತ್ತುತ್ತಾನೆ.'

"ಈ ಗಾಯದವನೇ ಪ್ಸಾರಿಸ್ಸಾ?"

"ಅವನ ಹೆಸರು ಪಕ್ಕದಲ್ಲಿ ಬೇರೆ ಇದೆ. ಊರೂ ಬೇರೆ. ಇನ್ನುಳಿದವರು ಯಾರು, ಸರಿಯಾಗಿ ನೋಡಿ."

ಇನ್ನುಳಿದದ್ದು ಎರಡು ಉದ್ದನೆಯ ಕಿವಿ.

"ಹೇಸರಗತ್ತೆ," ಅಂದಳು ಮೆಲ್ಪೊ ಮೆಲ್ಲಗೆ.

"ನಮ್ಮಜ್ಜಿಯ ಅಣ್ಣ," ಅಂದ ಅರ್ಗಿರಿಸ್.

ನಗಬಾರದು ಅಂತ ಮೆಲ್ಪೊ ತುಟಿ ಕಚ್ಚಿದಳು. ನಗು ಮೂಗಿನಿಂದ ಬಂತು.

"ನಗಿ, ನಗಿ. ಊರೂ ಹೀಗೇ ನಗುತ್ತೆ. ಅಜ್ಜಿಗೆ ವರ್ಷಕ್ಕೊಂದು ದಿನ ಮುಂದಿನ ಸಾಲಲ್ಲಿ ಕುರ್ಚಿ ಹಾಕ್ತಾರೆ. ಅಧ್ಯಕ್ಷರು ಬಗ್ಗಿ ಕೈಗೆ ಮುತ್ತಿಡ್ತಾರೆ. ಅದೊಂದು ದಿನಕ್ಕೋಸ್ಕರ ಅವಳು ವರ್ಷವೆಲ್ಲ ಬದುಕ್ತಾಳೆ. ಅದನ್ನೂ ಕಿತ್ಕೊಂಡ್ರೆ ಅವಳು ಉಳೀತಾಳಾ? ಒಂದು ಪದ್ಯ ಹೇಳ್ಸಿ ಮುಗಿಸಿಬಿಡಿ ಟೀಚರ್, ನಿಮ್ಮ ದಮ್ಮಯ್ಯ."

"ಮಕ್ಕಳಿಗೆ ಮಾತು ಕೊಟ್ಟಿದ್ದೀನಿ, ಅರ್ಗಿರಿಸ್. ಸಿಕ್ಕಿದ್ದನ್ನ ಮುಚ್ಚಿಡೋದು ಕಲಿಸಿದ್ರೆ, ನಾಳೆ ಅವರಿಗೆ ಯಾವ ಮುಖ ಇಟ್ಕೊಂಡು ಚರಿತ್ರೆ ಹೇಳ್ಲಿ?"

ಅವನು ವೈರನ್ನು ಸಿಕ್ಕಿಸಿದ. "ತಗೊಳ್ಳಿ ನಿಮ್ಮ ಇಂಟರ್ನೆಟ್ಟು." ಧಡಧಡ ಮೆಟ್ಟಿಲಿಳಿದ. ಅರ್ಧದಲ್ಲಿ ನಿಂತು, ಮೇಲೆ ನೋಡದೆಯೇ ಹೇಳಿದ:

"ವೈರು ಕೀಳ್ತಿದ್ದದ್ದು ಅಜ್ಜಿಗೋಸ್ಕರ. ಎರಡು ನಿಮಿಷದ ಕೆಲಸಕ್ಕೆ ಒಂದು ಗಂಟೆ ತಗೋತಿದ್ದದ್ದು ನಿಮಗೋಸ್ಕರ."

ಮೆಲ್ಪೊ ಬಹಳ ಹೊತ್ತು ಗಂಟೆಯ ಕೆಳಗೇ ನಿಂತಿದ್ದಳು. ಯಾರೂ ಬಾರಿಸದಿದ್ದರೂ ಅದು ಗುಂಯ್‌ಗುಡುತ್ತಿದೆ ಅನ್ನಿಸುತ್ತಿತ್ತು.

ಅಲ್ಲಿಂದ ಮುಂದೆ ಇಂಟರ್ನೆಟ್ ಒಮ್ಮೆಯೂ ಹೋಗಲಿಲ್ಲ. ಮಕ್ಕಳಿಗೆ ಫೋಟೋ ಸಿಕ್ಕೇ ಸಿಕ್ಕಿತು. ತರಗತಿಯ ಚೂಟಿ ಹುಡುಗಿ ದೆಸ್ಪೂಲಾ ಪರದೆಗೆ ಮೂಗು ತಾಗಿಸಿ ನೋಡಿದಳು.

"ಟೀಚರ್, ವೀರ ಹುಲ್ಲು ತಿಂತಿದ್ದಾನೆ."

ಯಾರೂ ನಗಲಿಲ್ಲ. ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು. "ಹೇಳ್ತೀವಿ ತಾನೇ ಟೀಚರ್?"

"ಹೇಳ್ತೀವಿ," ಅಂದಳು. ಆದರೆ ಊರು ಕೇಳುವ ಮೊದಲು ಅಜ್ಜಿ ಕೇಳಬೇಕು. ಪಾಠ ಮುಗಿಸಿ ಟ್ಯಾಬ್ ಎತ್ತಿಕೊಂಡು ವಾಸಿಲೊ ಅಜ್ಜಿಯ ಮನೆಗೆ ನಡೆದಳು.

ಅಜ್ಜಿ ಸೊಪ್ಪು ತುಂಬಿ ಬೇಯಿಸುವ ಪೀತಾಗೆ ಹಿಟ್ಟು ಲಟ್ಟಿಸುತ್ತಿದ್ದಳು. ಅದರೊಳಗಿಂದ ಮೇಜಿನ ಬಣ್ಣ ಕಾಣುವಷ್ಟು ತೆಳ್ಳಗೆ. ಅಜ್ಜಿಗೆ ಒಂದು ಕಿವಿ ಪೂರಾ ಮಂದ. ಮೆಲ್ಪೊ ಕೇಳುವ ಕಿವಿಯ ಕಡೆ ಕೂತು, ಏನೂ ಹೇಳಲಾಗದೆ ಟ್ಯಾಬ್ ಮುಂದೆ ಹಿಡಿದಳು. ಅಜ್ಜಿಯ ಹಿಟ್ಟಿನ ಬೆರಳು ತಾಗಿದ್ದೇ ಉದ್ದ ಕಿವಿಗಳು ಪರದೆ ತುಂಬ ಹಿಗ್ಗಿದವು.

"ಅಯ್ಯೋ! ಎಷ್ಟು ಸೊರಗಿಬಿಟ್ಟಿದ್ದಾನೆ ನನ್ನ ಬಂಗಾರ!"

"ಅಜ್ಜಿ... ಇವನು ಹೇಸರಗತ್ತೆ ಅಂತ ನಿಮಗೆ..."

"ಮತ್ತೇನು, ಬಿಷಪ್ಪಾ?"

"ಊರೆಲ್ಲ ನಿಮ್ಮಣ್ಣ ಅಂದ್ಕೊಂಡಿದೆ!"

"ನನಗೆಲ್ಲಿ ಬಂದ ಅಣ್ಣ?" ಅಜ್ಜಿ ಲಟ್ಟಣಿಗೆ ಕೆಳಗಿಟ್ಟಳು. "ಮೈಕಲ್ಲಿ ಏನು ಕಿರುಚ್ತಾರೋ, ನನ್ನ ಕಿವಿಗೆ ಬೀಳಲ್ಲ. 'ಪ್ಸಾರಿಸ್' ಅನ್ನೋದು ಕೇಳುತ್ತೆ, ಅಳು ಬರುತ್ತೆ. ಎಂಥಾ ಒಳ್ಳೇ ಊರಪ್ಪ, ಒಂದು ಮೂಕಪ್ರಾಣೀನ ಇಷ್ಟು ವರ್ಷ ನೆನಪಿಟ್ಕೊಂಡಿದೆ ಅಂತ ಹೆಮ್ಮೆ ಪಡ್ತಿದ್ದೆ."

ಬಾಗಿಲಲ್ಲಿ ಸೌದೆ ದಬದಬ ಬಿತ್ತು. ಅರ್ಗಿರಿಸ್ ಬರಿಗೈಯಲ್ಲಿ ನಿಂತಿದ್ದ.

"ಅಜ್ಜೀ! ಚಿಕ್ಕಂದಿನಿಂದ ನಾನು ಅವನ ಹಾಗೇ ಆಗ್ಬೇಕು ಅಂತಿದ್ದೆನಲ್ಲೇ!"

"ಆಗಿದ್ದೀಯಲ್ಲೋ. ಮೊಂಡುತನ ಅವನಿಗಿಂತ ಒಂದು ಕೈ ಜಾಸ್ತೀನೇ."

ಮೆಲ್ಪೊ ನಕ್ಕಳು. ಅರ್ಗಿರಿಸ್ ನಗಬಾರದೆಂದು ಹುಬ್ಬು ಗಂಟಿಕ್ಕಿ, ಸೋತು, ನಕ್ಕ. ಅಜ್ಜಿ ಮಾತ್ರ ನಗಲಿಲ್ಲ. ಪರದೆಯನ್ನೇ ಸವರುತ್ತಿದ್ದಳು.

"ಗಂಡುಮಕ್ಕಳಿದ್ದ ಮನೆಯವರು ಮಕ್ಕಳನ್ನ ಕಳಿಸಿದ್ರು. ನಮ್ಮಪ್ಪನಿಗೆ ನಾವು ಹೆಣ್ಣುಮಕ್ಕಳೇ. ನಾನೇ ಇವನ ಹಗ್ಗ ಹಿಡ್ಕೊಂಡು ಚೌಕಕ್ಕೆ ಹೋಗಿ ಸೈನಿಕರ ಕೈಗೆ ಕೊಟ್ಟೆ. ಇವನು ತಿರುಗಿ ನೋಡಿದ. ನನಗೆ ನೋಡೋಕಾಗ್ಲಿಲ್ಲ." ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಹಿಟ್ಟಾಯಿತು. "ಹೇಳ್ಸು ಮಗಳೇ. ಇದ್ದದ್ದು ಇದ್ದ ಹಾಗೇ ಹೇಳ್ಸು."

ಹಬ್ಬದ ದಿನ ಚೌಕದ ತುಂಬ ನೀಲಿ ಬಿಳಿ ಬಾವುಟ. ಅಜ್ಜಿ ಮುಂದಿನ ಕುರ್ಚಿಯಲ್ಲಿ. ದೆಸ್ಪೂಲಾ ಮೈಕಿನ ಮುಂದೆ ನಿಂತು, ಫೋಟೋ ತೋರಿಸಿ, ಗಟ್ಟಿಯಾಗಿ ಹೇಳಿದಳು: "ನಮ್ಮ ವೀರ ಪ್ಸಾರಿಸ್ ಮನುಷ್ಯ ಅಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ನಗು ಕುರ್ಚಿಯಿಂದ ಕುರ್ಚಿಗೆ ಹಾರಿತು. ಅಧ್ಯಕ್ಷ ಝೀಸಿಸ್ ಟೊಮೇಟೊ ಬಣ್ಣಕ್ಕೆ ತಿರುಗಿ, "ಸಾಕಮ್ಮ, ಸಾಕು" ಅಂತ ಮೈಕು ಕಿತ್ತುಕೊಂಡು ಸತ್ತವರ ಹೆಸರು ಕೂಗಲು ಶುರುಮಾಡಿದ. ಒಂದೊಂದು ಹೆಸರಿಗೂ ಆ ಮನೆಯವರು ಎದ್ದು ನಿಂತು 'ಹಾಜರ್' ಅನ್ನಬೇಕು. ಮನೆಯವರು ಮಾತ್ರ, ಬೇರೆಯವರು ಬಾಯಿ ತೆರೆಯುವಂತಿಲ್ಲ.

ಕೊನೆಯ ಹೆಸರಿಗೆ ಮೊದಲೇ ಝೀಸಿಸ್ ಕೂಗುವುದನ್ನು ನಿಲ್ಲಿಸಿ ಕನ್ನಡಕ ತೆಗೆದ.

"ಒಂದು ಹೆಸರು ಬಿಟ್ರಿ," ಅಂದ ಅರ್ಗಿರಿಸ್, ಅಜ್ಜಿಯ ಹಿಂದಿನಿಂದ.

"ಅದು ಹೇಸರಗತ್ತೆ ಕಣೋ!"

"ಗೊತ್ತು. ಕರೀರಿ."

ನಗು ನಿಂತಿತು. ಝೀಸಿಸ್ ಅಜ್ಜಿಯ ಮುಖ ನೋಡಿದ. ಅವಳು ಊರುಗೋಲಿಗೆ ಒರಗಿ, ಕೇಳುವ ಕಿವಿಯನ್ನು ಮೈಕಿನ ಕಡೆ ತಿರುಗಿಸಿ ಕೂತಿದ್ದಳು. ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಕೂಗಿದ: "ಪ್ಸಾರಿಸ್!"

ಅರ್ಗಿರಿಸ್ ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಏಳಲು ಹೊರಟಳು, ಅವಳನ್ನು ಹಿಡಿದುಕೊಳ್ಳಲು ಬಗ್ಗಿದ.

"ಹಾಜರ್!"

ಮಕ್ಕಳ ಸಾಲಿನಿಂದ ಬಂತು ಆ ಧ್ವನಿ. ಮೆಲ್ಪೊಳದು. ಫ್ರೋಸೊ ದಡಬಡ ಎದ್ದದ್ದಕ್ಕೆ ಅವಳ ಮಡಿಲಿನ ಸುಟ್ಟ ಚೆಸ್ಟ್‌ನಟ್ ಕಾಯಿಗಳೆಲ್ಲ ಚೌಕದ ಕಲ್ಲುಹಾಸಿನ ಮೇಲೆ ಉರುಳಿದವು.

ಅರ್ಗಿರಿಸ್ ಜನರ ನಡುವೆ ದಾರಿ ಮಾಡಿಕೊಂಡು ಅವಳ ಮುಂದೆ ಬಂದು ನಿಂತ. ಕಿವಿ ಎರಡೂ ಕೆಂಪು. "ಟೀಚರ್... ಮನೆಯವರು ಮಾತ್ರ ಹೇಳ್ಬೇಕು ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಹೇಳಿದ್ರಾ?"

"ಗೊತ್ತಿದ್ದಕ್ಕೇ ಹೇಳಿದೆ. ನೀನು ಬಾಯಿಬಿಡೋ ಹೊತ್ತಿಗೆ ನಾನು ಮುದುಕಿ ಆಗ್ತೀನಿ."

"ಏನಂತೆ? ಏನಂದಳು?" ಅಂತ ಅಜ್ಜಿ ಅಕ್ಕಪಕ್ಕದವರನ್ನು ಕೇಳುತ್ತಿದ್ದಳು. ಝೀಸಿಸ್ ಮೈಕಿನಲ್ಲೇ ಕೂಗಿ ಹೇಳಿದ: "ಮದುವೆಯಂತೆ ಅಜ್ಜೀ!" ಇಡೀ ಚೌಕ ಹೋ ಎಂದಿತು. ಅರ್ಗಿರಿಸ್ ಅವಳ ಕೈ ಹಿಡಿದುಕೊಂಡ. ಬಿಡುವ ಲಕ್ಷಣ ಕಾಣಲಿಲ್ಲ.

ಆ ಗದ್ದಲದಲ್ಲಿ ದೆಸ್ಪೂಲಾ ಟೀಚರಿನ ತೋಳು ಜಗ್ಗಿದಳು. "ಟೀಚರ್, ನನ್ನದು ಮುಗಿದಿಲ್ಲ. ಕೊನೇ ಸಾಲು ಇನ್ನೂ ಇದೆ."

ಮೆಲ್ಪೊ ಅಧ್ಯಕ್ಷನ ಕಡೆ ನೋಡಿದಳು. ಅವನು ಮೈಕನ್ನು ಹುಡುಗಿಯ ಎತ್ತರಕ್ಕೆ ಇಳಿಸಿ, ತಲೆಯ ಮೇಲಿನ ಟೋಪಿ ತೆಗೆದು ನಿಂತ. ದೆಸ್ಪೂಲಾ ಈ ಸಲ ಊರಿನ ಕಡೆ ನೋಡಲಿಲ್ಲ. ಅಜ್ಜಿಯ ಕೇಳುವ ಕಿವಿಯ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು:

"ಪ್ಸಾರಿಸ್ ಮನೆಗೆ ಬರಲಿಲ್ಲ. ಅವನ ಬೆನ್ನ ಮೇಲೆ ಕೂತವರು ಬಂದರು."